‘ನನಗೆ ಬರುವುದಿಲ್ಲ’ ಎನ್ನುವ ಮಗುವಿಗೆ ನೀವು ಏನು ಮಾಡಿದಿರಿ?

ಪ್ರಶ್ನೆ: ಮಗಳಿಗೆ ಎಂಟು ವರ್ಷ. ಸೈಕಲ್, ಈಜು, ಶಾಲೆಯ ನಾಟಕ, ಯಾವುದನ್ನು ಕೇಳಿದರೂ ‘ನನಗೆ ಬರುವುದಿಲ್ಲ’ ಎನ್ನುತ್ತಾಳೆ. ಒಮ್ಮೆಯೂ ಮಾಡಿ ನೋಡಿದವಳಲ್ಲ. ಒತ್ತಾಯಿಸಿದರೆ ಅಳು, ಸುಮ್ಮನಿದ್ದರೆ ಬೇರೆ ಮಕ್ಕಳ ಆಟವನ್ನು ಆಸೆಯಿಂದ ನೋಡುತ್ತ ನಿಲ್ಲುತ್ತಾಳೆ. ಈ ಹಂತ ದಾಟಿದವರು ನಿಮ್ಮ ಅನುಭವ ತಿಳಿಸುವಿರಾ?

ಒಬ್ಬ ತಂದೆ: ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಮಗನಿಗೆ ಆರು ವರ್ಷವಿದ್ದಾಗ, ಒಮ್ಮೆ ನೀರಿಗಿಳಿದರೆ ಭಯ ತಾನಾಗಿ ಬಿಡುತ್ತದೆ ಎಂದು ನಂಬಿ, ಅವನು ಬೇಡವೆನ್ನುತ್ತಿದ್ದರೂ ಎತ್ತಿಕೊಂಡು ಕೊಳಕ್ಕೆ ಇಳಿದೆ. ಮುಂದಿನ ಒಂದು ವರ್ಷ ಈಜಿನ ಹೆಸರೆತ್ತಿದರೆ ಅವನು ನನ್ನ ಕೈ ಬಿಡಿಸಿಕೊಂಡು ಓಡುತ್ತಿದ್ದ.

ಸೈಕಲ್ ಕಲಿಸುವಾಗ ಎಚ್ಚೆತ್ತಿದ್ದೆ. ಎರಡೂ ಪೆಡಲ್ ಬಿಚ್ಚಿದೆ. (ಎಡಗಡೆಯ ಪೆಡಲ್‌ನ ತಿರುಪು ಉಲ್ಟಾ ಇರುತ್ತದೆ, ಗಡಿಯಾರದ ಮುಳ್ಳು ಸಾಗುವ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ.) ಪಾದಗಳು ನೆಲಕ್ಕೆ ಪೂರ್ತಿ ಊರುವಷ್ಟು ಸೀಟು ತಗ್ಗಿಸಿ, ಬ್ರೇಕ್ ಹಿಡಿಯುವುದನ್ನು ಹೇಳಿಕೊಟ್ಟು, ನೆಲವನ್ನು ಕಾಲಿನಿಂದ ನೂಕಿಕೊಂಡು ಹೋಗಲು ಬಿಟ್ಟೆ. ಬೇಕೆಂದಾಗ ಕಾಲೂರಬಹುದು ಎಂದು ಗೊತ್ತಾದ ಮೇಲೆ ಅವನ ಭುಜಗಳ ಬಿಗಿ ಸಡಿಲವಾದದ್ದು ನನ್ನ ಕಣ್ಣಿಗೇ ಕಾಣಿಸಿತು. ಕೆಲವೇ ದಿನಗಳಲ್ಲಿ ಎರಡೂ ಕಾಲೆತ್ತಿ ತೇಲಿದಂತೆ ಬಂದ. ಪೆಡಲ್ ಹಾಕಿಕೊಡಿ ಎಂದು ಕೇಳಿದವನು ಅವನೇ. ಆಮೇಲೆ ಕೊಳಕ್ಕೂ ಹೋದೆವು. ಮೊದಲ ವಾರವಿಡೀ ಮೆಟ್ಟಿಲ ಮೇಲೆ ಕುಳಿತು ಕಾಲು ಇಳಿಬಿಟ್ಟದ್ದು, ಅಷ್ಟೇ.

ಚಿಕ್ಕಂದಿನಲ್ಲಿ ಅಂಜುಬುರುಕಿಯಾಗಿದ್ದವಳು: ‘ಇವಳಿಗೆ ನಾಚಿಕೆ ಜಾಸ್ತಿ’ ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದರು. ಪ್ರೀತಿಯಿಂದಲೇ. ಆ ಮಾತು ನನಗೆ ಅಡಗಿಕೊಳ್ಳುವ ಜಾಗವಾಯಿತು, ಅಲ್ಲಿಂದ ಹೊರಬರಲು ಬಹಳ ವರ್ಷ ಹಿಡಿಯಿತು. ದಯವಿಟ್ಟು ಮಗಳ ಎದುರು ಹಾಗೆ ಹೇಳಬೇಡಿ.

ಒಬ್ಬ ಶಿಕ್ಷಕಿ: ‘ನಿನ್ನಿಂದ ಆಗುತ್ತದೆ’ ಎಂದು ಹೇಳಿ ಹೇಳಿ ನಾವೇ ದಣಿಯುತ್ತೇವೆ. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ಇಂಥ ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಎಂದು ವಿವರಿಸಿದಾಗ, ಸ್ವತಃ ಮಾಡಿ ಗೆದ್ದ ಅನುಭವಕ್ಕೆ ಎಲ್ಲಕ್ಕಿಂತ ಹೆಚ್ಚಿನ ಬಲವಿದೆ ಎಂದರು. ಬರಿಯ ಮಾತಿನ ಉತ್ತೇಜನಕ್ಕೆ ಅಷ್ಟು ಶಕ್ತಿಯಿಲ್ಲ. ಆದ್ದರಿಂದ ನಾಟಕ ಒಲ್ಲೆನೆಂದ ಹುಡುಗಿಗೆ ನಾನು ಪರದೆ ಎಳೆಯುವ ಕೆಲಸ ಕೊಟ್ಟೆ. ತಾಲೀಮಿನಲ್ಲಿ ಇತರ ಮಕ್ಕಳು ಮಾತು ಮರೆತು ತಡವರಿಸುವುದನ್ನೂ, ಮತ್ತೆ ಮುಂದುವರಿಯುವುದನ್ನೂ ಅವಳು ದಿನವೂ ಪಕ್ಕದಿಂದ ನೋಡಿದಳು. ಮುಂದಿನ ವರ್ಷ ಒಂದು ಸಾಲಿನ ಪಾತ್ರ ಕೇಳಿ ಪಡೆದಳು.

ಹೊಗಳಿಕೆಯಲ್ಲಿಯೂ ಎಚ್ಚರವಿರಲಿ. ಮನೋವಿಜ್ಞಾನಿಗಳಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬುದ್ಧಿಗಾಗಿ ಹೊಗಳಿಸಿಕೊಂಡ ಐದನೇ ತರಗತಿಯ ಮಕ್ಕಳು, ಒಮ್ಮೆ ಸೋತ ಮೇಲೆ ಶ್ರಮಕ್ಕಾಗಿ ಹೊಗಳಿಸಿಕೊಂಡವರಿಗಿಂತ ಕಡಿಮೆ ಛಲ ತೋರಿದರು. ನಾನೀಗ ‘ಜಾಣೆ’ ಎನ್ನುವುದನ್ನು ಬಿಟ್ಟು, ‘ಆ ಸಾಲನ್ನು ಮೂರು ಬಗೆಯಲ್ಲಿ ಹೇಳಿ ನೋಡಿದೆಯಲ್ಲ’ ಎಂದು ಕಂಡದ್ದನ್ನು ಹೇಳುತ್ತೇನೆ.

ಇಬ್ಬರು ಮಕ್ಕಳ ತಾಯಿ: ಬಿಡುವ ಸ್ವಾತಂತ್ರ್ಯವನ್ನೂ ಮೊದಲೇ ಕೊಡಿ. ನಮ್ಮಲ್ಲಿ ಆರು ತರಗತಿಗಳ ಒಪ್ಪಂದ: ಆರು ಮುಗಿಯುವ ತನಕ ಹೋಗಬೇಕು, ಬಳಿಕ ಅವರ ಇಷ್ಟ. ದೊಡ್ಡವಳು ಗಿಟಾರ್ ಬಿಟ್ಟಳು, ಕರಾಟೆ ಉಳಿಸಿಕೊಂಡಳು. ಗಿಟಾರ್ ಬಿಟ್ಟ ದಿನ ನಾನು ಒಂದು ಮಾತೂ ಆಡಲಿಲ್ಲ. ಹಾಗೆ ಸುಮ್ಮನಿದ್ದುದರಿಂದಲೇ ಕರಾಟೆಗೆ ಒಪ್ಪಿದಳು ಎಂದು ಈಗಲೂ ನಂಬಿದ್ದೇನೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಮನಸಾರೆ ವಂದನೆಗಳು. ಇಂದು ಸಂಜೆ ಸೈಕಲ್ಲಿನ ಪೆಡಲ್ ಬಿಚ್ಚಲು ಹೊರಟೆ. ಎಡಗಡೆಯದು ಉಲ್ಟಾ ಎಂದಾಗ ಅವಳಿಗೆ ಕುತೂಹಲ ಹುಟ್ಟಿತು, ಸ್ಪ್ಯಾನರ್ ಅವಳ ಕೈಗೇ ಕೊಟ್ಟೆ. ಅದನ್ನು ಬಿಚ್ಚಿದವಳು ಅವಳೇ. ಸವಾರಿಯ ಮಾತನ್ನು ನಾನು ಇನ್ನೂ ಎತ್ತಿಲ್ಲ.