ಅಪ್‌ಡೇಟ್: ಚಿಕ್ಕಮಗಳೂರು ಗಾಲ್ಫ್ ಟ್ರಿಪ್ ಮುಗೀತು

ಹಿಂದೆ ಕೇಳಿದ್ದೆನಲ್ಲ, ಶಿವಮೊಗ್ಗದಿಂದ ನಾವು ನಾಲ್ಕು ಜನ ಚಿಕ್ಕಮಗಳೂರು ಕಡೆಯ ಪ್ರೈವೇಟ್ ಕ್ಲಬ್‌ಗೆ ಹೋಗ್ತಿದ್ದೇವೆ, ನಮ್ಮಲ್ಲಿ ಕ್ಲಬ್ ಮೆಂಬರ್ ಒಬ್ಬನೇ, ಉಳಿದವರ ಗೆಸ್ಟ್ ಫೀ ಯಾರು ಕೊಡಬೇಕು, ಇಬ್ಬರು ಪೂರ್ತಿ ಹೊಸಬರು, ಆಟ ಹೇಗೆ ಅಂತ. ಹೋಗಿ ಬಂದೆವು.

ದುಡ್ಡಿನ ವಿಷಯ ತರೀಕೆರೆಯಲ್ಲಿ ಕಾಫಿ ಕುಡಿಯುವಾಗಲೇ ಮುಗಿಯಿತು. ಬಿಲ್ ಮೆಂಬರ್ ಹೆಸರಿಗೇ ಬರುತ್ತದೆ, ಆದರೆ ನಮ್ಮ ಪಾಲು ನಾವು ಅವತ್ತೇ ಅವನಿಗೆ ಕಳಿಸಿದೆವು. ಅವನು ಸುಮ್ನೆ ಬೇಡ ಬೇಡ ಅಂದ, ನಾವು ಕೇಳಲಿಲ್ಲ.

ಆಟಕ್ಕೆ ನಿಮ್ಮಲ್ಲಿ ಕೆಲವರು ಹೇಳಿದ ಸ್ಕ್ರ್ಯಾಂಬಲ್ ನಿಜಕ್ಕೂ ಸರಿಹೋಯಿತು. ಅಂದರೆ ಎಲ್ಲರೂ ಹೊಡೆಯುವುದು, ಯಾವ ಚೆಂಡು ಚೆನ್ನಾಗಿ ಬಿತ್ತೋ ಮುಂದಿನ ಹೊಡೆತ ಎಲ್ಲರೂ ಅಲ್ಲಿಂದಲೇ, ಹಾಗಾಗಿ ಹೊಸಬರ ಚೆಂಡು ಕಾಫಿ ಗಿಡದ ಕಡೆ ಹೋದರೂ ಯಾರಿಗೂ ಬೇಜಾರಿಲ್ಲ. ಪೂರ್ತಿ 18 ಹೋಲ್ (ಚೆಂಡು ಹಾಕುವ ಗುಳಿ) ಆಡುವ ಆಸೆ ಬಿಟ್ಟು 9ಕ್ಕೇ ನಿಲ್ಲಿಸಿದೆವು, ಹಿಂದೆ ಬರುವವರನ್ನು ಕಾಯಿಸಬಾರದು ಅಲ್ವಾ? ಕಳೆದ ಚೆಂಡು ಹುಡುಕೋಕೆ ಮೊದಲು 5 ನಿಮಿಷ ಇತ್ತು, 2019ರಿಂದ ನಿಯಮದಲ್ಲಿ 3 ನಿಮಿಷ ಮಾತ್ರ. ಮಳೆ ಬಿದ್ದ ಉದ್ದ ಹುಲ್ಲಿನಲ್ಲಿ ಇಂಬಳ ಕಾಲಿಗೆ ಹತ್ತುವಾಗ ಆ 3 ನಿಮಿಷವೇ ಜಾಸ್ತಿ ಅನ್ನಿಸಿತು.

ಬಟ್ಟೆ ಬಗ್ಗೆ ಎಚ್ಚರಿಸಿದವರಿಗೆ ಥ್ಯಾಂಕ್ಸ್. ಕಾಲರ್ ಇಲ್ಲದ ಟೀ ಶರ್ಟ್ ಹಾಕಿದ್ದ ನಮ್ಮ ಗೆಳೆಯನನ್ನು ಒಳಗೆ ಬಿಡಲಿಲ್ಲ, ಅಲ್ಲೇ ಒಂದು ಕೊಂಡ. ಬೆಲೆ ಕೇಳಬೇಡಿ.

ಕ್ಯಾಡಿಗೆ, ಅಂದರೆ ಗಾಲ್ಫ್ ಬ್ಯಾಗ್ ಹೊರುವವನಿಗೆ, ಟಿಪ್ಸ್ ಕೊಡೋಕೆ ನಗದು ಇಟ್ಟುಕೊಳ್ಳಿ.