ಎಲ್ಸಿ–ಮೈರಿ ಮಾತು ಬಿಟ್ಟ ಕಥೆಯನ್ನು ನಾಟಕದಲ್ಲಿ ಇಡಬೇಕಾ, ಬಿಡಬೇಕಾ?

ಹವ್ಯಾಸಿ_ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ನಾವೊಂದಿಷ್ಟು ಹೆಂಗಸರು ಸೇರಿ ವರ್ಷಕ್ಕೊಂದು ನಾಟಕ ಆಡ್ತೀವಿ. ಟಿಕೆಟ್ ಇಲ್ಲ, ಕೊನೆಗೆ ಚಹಾ ಉಂಟು. ಈ ಸಲದ್ದು ಎರಡೇ ಪಾತ್ರದ ಏಕಾಂಕ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂನ ಪರ್ವೀಸ್ ಎಂಬ ಹಳ್ಳಿಯಲ್ಲಿ ಗಾಯಾಳುಗಳ ಆರೈಕೆಗೆ ನಿಂತ ಎಲ್ಸಿ ನಾಕರ್ ಮತ್ತು ಮೈರಿ ಚಿಸಮ್ ಬಗ್ಗೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೀನಿ. 1914ರಲ್ಲಿ ಎಲ್ಸಿಗೆ 30 ವರ್ಷ, ಒಬ್ಬ ಮಗನ ತಾಯಿ, ತರಬೇತಾದ ನರ್ಸು. ಮೈರಿಗೆ ಬರೀ 18. ಇಬ್ಬರನ್ನೂ ಗಂಟು ಹಾಕಿದ್ದು ಮೋಟಾರ್ ಬೈಕಿನ ಹುಚ್ಚು. ಯುದ್ಧ ಶುರುವಾದ ಕೂಡಲೇ ಎಲ್ಸಿ ಕರೆದಳು, ಮೈರಿ ಅಮ್ಮನ ವಿರೋಧ ಕಟ್ಟಿಕೊಂಡು ಲಂಡನ್ನಿಗೆ ಹೋದಳು. ಅಲ್ಲಿಂದ ಡಾಕ್ಟರ್ ಹೆಕ್ಟರ್ ಮನ್ರೋ ಕಟ್ಟಿದ ಆಂಬುಲೆನ್ಸ್ ತಂಡ ಸೇರಿ ಸೆಪ್ಟೆಂಬರ್‌ನಲ್ಲಿ ಇಬ್ಬರೂ ಬೆಲ್ಜಿಯಂಗೆ. ಗಾಯಾಳುಗಳು ದೂರದ ಆಸ್ಪತ್ರೆ ಮುಟ್ಟುವ ಮೊದಲೇ ದಾರಿಯಲ್ಲಿ ಸಾಯುವುದನ್ನು ಎಲ್ಸಿ ಕಂಡಳು. ಹಾಗಾಗಿ ನವೆಂಬರ್‌ನಲ್ಲಿ ತಂಡ ಬಿಟ್ಟು, ಕಂದಕದಿಂದ ನೂರು ಗಜದಷ್ಟು ಹತ್ತಿರ, ಮುರಿದ ಮನೆಯೊಂದರ ನೆಲಮಾಳಿಗೆಯಲ್ಲಿ ಇವರಿಬ್ಬರೇ ಠಿಕಾಣಿ ಹೂಡಿದರು. 1918ರಲ್ಲಿ ವಿಷಾನಿಲ ತಗಲುವ ತನಕ ಆ ಊರು ಬಿಡಲಿಲ್ಲ. ಶೆಲ್ ಬಿದ್ದು ಮನೆ ಹೋದರೆ ಇನ್ನೊಂದು ಮುರುಕು ಮನೆ ಹುಡುಕಿದರು, ಅಷ್ಟೇ.

ತಕರಾರು ಇಲ್ಲಿಂದ. ಯುದ್ಧ ಮುಗಿದ ಮೇಲೆ ಈ ಸ್ನೇಹ ಮುರಿದುಬಿತ್ತು. ಎಲ್ಸಿ ತಾನು ವಿಧವೆ ಎಂದೇ ಹೇಳಿಕೊಂಡಿದ್ದಳು, ನಿಜಕ್ಕೆ ವಿಚ್ಛೇದನ ಆಗಿತ್ತು. 1916ರಲ್ಲಿ ಬೆಲ್ಜಿಯಂನ ಒಬ್ಬ ಬ್ಯಾರನ್‌ನನ್ನು ಮದುವೆಯಾದಳು. ಆತ ಕ್ಯಾಥೊಲಿಕ್, ಆ ಪಂಥ ವಿಚ್ಛೇದನ ಒಪ್ಪೋದಿಲ್ಲ. ವಿಷಯ ಬಯಲಾದಾಗ ಆ ಮದುವೆಯೂ ನಿಲ್ಲಲಿಲ್ಲ, ಮೈರಿಯ ಸ್ನೇಹವೂ ನಿಲ್ಲಲಿಲ್ಲ ಎಂದೇ ಇವರ ಬಗ್ಗೆ ಬರೆದವರು ಸಾಮಾನ್ಯವಾಗಿ ಹೇಳುತ್ತಾರೆ.

ನಮ್ಮ ಎಲ್ಸಿ ಪಾತ್ರಧಾರಿ "ಅದೆಲ್ಲ ಬೇಡ ಮಾರಾಯ್ತಿ, ಪದಕ ತಗೊಳ್ಳೋ ಸೀನಿಗೆ ಪರದೆ ಎಳೆದುಬಿಡು" ಅಂತಾಳೆ. ಮೈರಿ ಪಾತ್ರಧಾರಿ "ಅದಿಲ್ಲದಿದ್ರೆ ನಂಗೆ ಆಡೋಕೆ ಏನಿದೆ, ಮಗ್ಗು ತೊಳೆಯೋದಾ?" ಅಂತಾಳೆ. ಮೂರು ರಿಹರ್ಸಲ್ ಇದರಲ್ಲೇ ಹೋಯ್ತು. ನೀವೇನಂತೀರಿ? ಜೊತೆಗೆ, ಆ ನೆಲಮಾಳಿಗೆಯಲ್ಲಿ ದಿನವಿಡೀ ಕೈಗೆ ಏನು ಕೆಲಸ ಇತ್ತು ಅಂತ ತಿಳಿದವರು ಹೇಳಿ. ರಂಗದ ಮೇಲೆ ಬರೀ ಬ್ಯಾಂಡೇಜ್ ಸುತ್ತುತ್ತಾ ಕೂತರೆ ಜನ ಆಕಳಿಸ್ತಾರೆ.

ನಿವೃತ್ತ_ಸಿಸ್ಟರ್:

ತಂಗೀ, ನಾನು ಮಿಲಿಟರಿ ಆಸ್ಪತ್ರೆಗಳಲ್ಲಿ ನರ್ಸಾಗಿದ್ದು ಈಗ ಹಾಸನದಲ್ಲಿ ಆರಾಮಾಗಿರುವವಳು. ನಿನ್ನ ಎರಡನೇ ಪ್ರಶ್ನೆ ಮೊದಲು.

ಬ್ಯಾಂಡೇಜ್ ಕಡಿಮೆ ಮಾಡು, ನೀರು ಜಾಸ್ತಿ ಮಾಡು. ಆ ಕೆಲಸದಲ್ಲಿ ಮುಕ್ಕಾಲು ಪಾಲು ನೀರು ಕಾಯಿಸೋದು, ಒದ್ದೆ ಬಟ್ಟೆ ಬಿಡಿಸೋದು, ಕಂಬಳಿ ಹೊದಿಸೋದು. ಇವರು ಕಂದಕದವರಿಗೆ ಬಿಸಿ ಸೂಪು, ಕೋಕೋ ಮಾಡಿ ಹೊತ್ತುಕೊಂಡು ಹೋಗುತ್ತಿದ್ದರು. ಅದು ಬರೀ ಉಪಚಾರದ ಮಾತಲ್ಲ. ರಕ್ತ ಹೋಗಿ ಮೈ ತಣ್ಣಗಾದವನನ್ನು ಹಾಗೇ ಗುಂಡಿ ಬಿದ್ದ ರಸ್ತೆಯಲ್ಲಿ ಹದಿನೈದು ಮೈಲಿ ಕುಲುಕಿಸಿದರೆ ರಕ್ತದೊತ್ತಡ ಕುಸಿದು ಶಾಕ್‌ಗೆ ಹೋಗುತ್ತಾನೆ. ತೊಡೆಮೂಳೆ ಮುರಿದಿದ್ದರಂತೂ ಪ್ರತಿ ಕುಲುಕಿಗೂ ಒಳಗೆ ರಕ್ತ. ಮುರಿದ ಕಾಲು ಅಲುಗದಂತೆ ಹಿಡಿಯುವ ಥಾಮಸ್ ಸ್ಪ್ಲಿಂಟ್ ರಣರಂಗದಲ್ಲಿ ಎಲ್ಲ ಕಡೆ ಬಳಕೆಗೆ ಬಂದದ್ದು ಯುದ್ಧದ ಕೊನೆಯ ವರ್ಷಗಳಲ್ಲಿ. ಅದಕ್ಕೇ ಮೊದಲು ಬೆಚ್ಚಗೆ ಮಲಗಿಸಿ, ನಾಡಿ ಒಂದು ಹದಕ್ಕೆ ಬಂದ ಮೇಲೆ ಕಳಿಸೋಣ ಅಂತ ಎಲ್ಸಿ ಹಟ ಹಿಡಿದದ್ದು. ಡಾಕ್ಟರುಗಳೇ ಒಪ್ಪದ ಕಾಲ ಅದು. (ಹೊಟ್ಟೆಗೆ ಗುಂಡು ಬಿದ್ದವನಿಗೆ ಮಾತ್ರ ಕೋಕೋ ಕುಡಿಸುವ ಸೀನು ಇಡಬೇಡ. ನನ್ನಂಥವರು ಯಾರಾದರೂ ಸಭೆಯಲ್ಲಿ ಎದ್ದು ನಿಲ್ಲುತ್ತಾರೆ.) ರಾತ್ರಿ ದೀಪ ಹಾಕದೆ ಆಂಬುಲೆನ್ಸ್ ಓಡಿಸುತ್ತಿದ್ದವಳು ಮೈರಿ. ಅವಳು ಹೊರಟ ಮೇಲೆ ವಾಪಸ್ ಬರುವ ತನಕ ಎಲ್ಸಿ ಏನು ಮಾಡುತ್ತಾಳೆ ಅಂತ ಯೋಚಿಸು, ಒಂದು ಸೀನು ಅಲ್ಲೇ ಸಿಗುತ್ತದೆ.

ಇನ್ನು ಸ್ನೇಹದ ಮಾತು. ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ನನಗೊಬ್ಬಳು ಕೇರಳದ ಜೊತೆಗಾತಿ ಇದ್ದಳು. ನಾನು ಕೈ ಚಾಚಿದರೆ ಸಾಕು, ಕತ್ತರಿಯೋ ಫೋರ್ಸೆಪ್ಸೋ ನನಗೆ ಬೇಕಾದದ್ದೇ ಅಂಗೈಗೆ ಬರುತ್ತಿತ್ತು. ಬಾಯಿ ತೆರೆಯುವ ಅಗತ್ಯವೇ ಇರಲಿಲ್ಲ. ಅವಳು ಕೆಮ್ಮಿದರೆ ಯಾವ ಬೆಡ್ಡಿನವನಿಗೆ ಏನಾಗಿದೆ ಅಂತ ನನಗೆ ತಿಳಿಯುತ್ತಿತ್ತು. ಅಂಥವಳಿಗೆ ಮದುವೆಯಾಗಿ ಮುರಿದಿತ್ತು ಅನ್ನೋದು ಗೊತ್ತಾದದ್ದು ಅವಳು ವರ್ಗವಾಗಿ ಹೋದ ಮೇಲೆ, ಬೇರೆಯವರ ಬಾಯಿಂದ. ನನಗೆ ಒಂಚೂರೂ ಬೇಜಾರಾಗಲಿಲ್ಲ. ನಾವು ಅದನ್ನು ಮಾತಾಡುವ ಜಾಗದಲ್ಲೇ ಇರಲಿಲ್ಲ. ಆದ್ದರಿಂದ ಸುಳ್ಳು ಹೇಳಿದಳು ಅಂತ ಎಲ್ಸಿಯನ್ನು ಕಟಕಟೆಗೆ ಹತ್ತಿಸಬೇಡಿ.

ಯೀಪರ್_ಕನ್ನಡಿಗ:

ಬೆಲ್ಜಿಯಂನಲ್ಲಿ ಇದ್ದೇನೆ, ಆ ಕಡೆ ಸೈಕಲ್ ತುಳಿಯುವ ಚಟ. ರಂಗಸಜ್ಜಿಕೆಗೆ ಉಪಯೋಗವಾಗಬಹುದು ಅಂತ ಬರೆಯುತ್ತಿದ್ದೇನೆ.

ಇಬ್ಬರು ಹೆಂಗಸರು ಮೂರೂವರೆ ವರ್ಷ ಒಂದೇ ಹಳ್ಳಿಯಲ್ಲಿ ಉಳಿಯಲು ಹೇಗೆ ಸಾಧ್ಯವಾಯಿತು? ನೀರಿನಿಂದ. 1914ರ ಅಕ್ಟೋಬರ್ ಕೊನೆಗೆ ಬೆಲ್ಜಿಯಂ ಸೇನೆ ನ್ಯೂಪೋರ್ಟ್‌ನ ತೂಬುಗಳನ್ನು ತೆರೆದು ಸಮುದ್ರದ ನೀರು ನುಗ್ಗಿಸಿತು. ಈಸರ್ ನದಿಗೂ ರೈಲು ಹಳಿಯ ಏರಿಗೂ ನಡುವಿನ ಗದ್ದೆಯೆಲ್ಲ ಮುಳುಗಿ ಜರ್ಮನರು ಅಲ್ಲೇ ನಿಂತರು. ಆ ಹಳಿ ಪರ್ವೀಸ್ ಮೂಲಕವೇ ಹೋಗುತ್ತಿತ್ತು. ಈಗ ಹಳಿ ಇಲ್ಲ, ಏರಿಯ ಮೇಲೆ ಸೈಕಲ್ ದಾರಿ ಇದೆ. ನೆಲ ಚಪ್ಪಟೆ ಅಂದರೆ ಚಪ್ಪಟೆ, ಅಡಗಲು ಒಂದು ದಿಣ್ಣೆ ಇಲ್ಲ. ನಾಟಕದಲ್ಲಿ ಫಿರಂಗಿ ಸದ್ದಿನ ಜೊತೆ ಕೆಸರು, ಜೌಗು, ಗಬ್ಬು ನೀರು ಇರಲಿ. ಬೆಲ್ಜಿಯಂ ಸೈನಿಕರಲ್ಲಿ ಟೈಫಾಯ್ಡ್ ಜೋರಾಗಿತ್ತು, ಸಿಸ್ಟರ್ ಹೇಳಿದ "ನೀರು ಕಾಯಿಸೋದು" ಅದಕ್ಕೂ ಸರಿ.

ಯೀಪರ್ ಊರಿನ ಒಂದು ಹೋಟೆಲ್ ತೋಟದಲ್ಲಿ 2014ರಲ್ಲಿ ಇಬ್ಬರ ಕಂಚಿನ ಪ್ರತಿಮೆ ನಿಲ್ಲಿಸಿದ್ದಾರೆ. ಬದುಕಿದ್ದಾಗ ಮಾತು ಬಿಟ್ಟವರನ್ನು ನೂರು ವರ್ಷದ ಮೇಲೆ ಒಂದೇ ಕಡೆ ಕೂಡಿಹಾಕಿದ್ದು ನನಗಂತೂ ಸ್ವಲ್ಪ ತಮಾಷೆಯಾಗೇ ಕಾಣುತ್ತದೆ.

ಕೋರ್ಟು_ಮೆಟ್ಟಿಲು:

ಸಿಸ್ಟರ್ ಮಾತಿಗೆ ಅರ್ಧ ಒಪ್ಪಿಗೆ. ಎಲ್ಸಿ ಯಾಕೆ ಮುಚ್ಚಿಟ್ಟಳು ಅನ್ನೋದಕ್ಕೆ ಕಾನೂನು ನೋಡಿ. ಆಗಿನ ಇಂಗ್ಲೆಂಡಿನಲ್ಲಿ ಹೆಂಡತಿ ಹಾದರ ಮಾಡಿದಳು ಅಂತ ತೋರಿಸಿದರೆ ಗಂಡನಿಗೆ ಡೈವೋರ್ಸ್. ಹೆಂಡತಿ ಕೇಳಬೇಕಾದರೆ ಗಂಡನ ಹಾದರದ ಜೊತೆಗೆ ಕ್ರೌರ್ಯವನ್ನೋ ಬಿಟ್ಟುಹೋದದ್ದನ್ನೋ ಬೇರೆ ಸಾಬೀತು ಮಾಡಬೇಕು. ಇದು ಸರಿಹೋದದ್ದು 1923ರಲ್ಲಿ. ತಪ್ಪು ಯಾರದ್ದಾದರೂ ಮಸಿ ಹೆಂಗಸಿಗೇ.

ಹಣದ ಮಾತೂ ಇದೆ. ಇವರಿಗೆ ರೆಡ್ ಕ್ರಾಸಿನ ಆಸರೆ ಇರಲಿಲ್ಲ. ಆಗಾಗ ಬ್ರಿಟನ್ನಿಗೆ ಹೋಗಿ ಸಭೆಗಳಲ್ಲಿ ಮಾತಾಡಿ ಚಂದಾ ಎತ್ತಿ ತರಬೇಕಿತ್ತು. ಪತ್ರಿಕೆಗಳು "ಪರ್ವೀಸ್‌ನ ಮಡೋನಾಗಳು" ಅಂತ ಮೆರೆಸಿದ್ದವು. ಮಾತೆ ಮೇರಿಯ ಪಟ್ಟ ಕಟ್ಟಿಸಿಕೊಂಡವಳು ವೇದಿಕೆ ಹತ್ತಿ "ನನಗೆ ಡೈವೋರ್ಸ್ ಆಗಿದೆ" ಅನ್ನೋಕಾಗುತ್ತಾ? ಡಬ್ಬಿಗೆ ಒಂದು ಪೆನ್ನಿ ಬೀಳುತ್ತಿರಲಿಲ್ಲ.

ಒಪ್ಪದ ಅರ್ಧ ಇದು: ಸಿಸ್ಟರ್‌ಗೆ ಬೇಜಾರಾಗಲಿಲ್ಲ, ಸರಿ. ಆದರೆ ಸಿಸ್ಟರ್ ಮತ್ತು ಅವರ ಜೊತೆಗಾತಿ ಸಮಾನ ಸಹೋದ್ಯೋಗಿಗಳು. ಮೈರಿ ಹದಿನೆಂಟರ ಹುಡುಗಿ, ಮನೆ ಬಿಟ್ಟು ಬಂದದ್ದೇ ಎಲ್ಸಿ ಕರೆದಳು ಅಂತ. ಊರಿಗೆಲ್ಲ ಹೇಳುವ ಸುಳ್ಳನ್ನೇ ತನಗೂ ಹೇಳಿದ್ದಳಲ್ಲ ಅನ್ನೋ ಉರಿ ಬೇರೆಯೇ. ಅದನ್ನು ಆಡಿ ತೋರಿಸಿ, ತೀರ್ಪು ಕೊಡಬೇಡಿ.

ನಿವೃತ್ತ_ಸಿಸ್ಟರ್:

ವಕೀಲರೇ, ವಯಸ್ಸಿನ ಮಾತು ಒಪ್ಪಿದೆ. ಹದಿನೆಂಟರಲ್ಲಿ ನಾನೂ ಉರಿಯುತ್ತಿದ್ದೆನೇನೋ.

ಆದರೂ ಒಂದು. ಇಬ್ಬರು ಗಂಡಸರು ಯುದ್ಧದಲ್ಲಿ ಜೊತೆಗಿದ್ದು ಆಮೇಲೆ ದೂರವಾದರೆ "ಅಯ್ಯೋ, ಸ್ನೇಹ ಏನಾಯ್ತು" ಅಂತ ಯಾರೂ ನೂರು ವರ್ಷ ಕೊರಗಲ್ಲ. ಮೈರಿ ಆಮೇಲೆ ಸ್ಕಾಟ್ಲೆಂಡಿನಲ್ಲಿ ಬಾಲ್ಯದ ಗೆಳತಿಯೊಬ್ಬಳ ಜೊತೆ ಕೋಳಿ ಸಾಕಿಕೊಂಡು 1981ರ ತನಕ ಬಾಳಿದಳು. ಎಲ್ಸಿ 1942ರಲ್ಲಿ ವಾಯುಪಡೆಯಲ್ಲಿದ್ದ ಮಗನನ್ನು ಕಳೆದುಕೊಂಡಳು, 1978ರವರೆಗೆ ಇದ್ದಳು. ಆ ಮಗನ ಸಾವಿಗೆ ಮೈರಿ ಏನಂದುಕೊಂಡಳೋ, ನಾಟಕ ಬರೆಯುವವಳಿಗೆ ಅದು ಕೇಳಬೇಕಾದ ಪ್ರಶ್ನೆ.

ಹವ್ಯಾಸಿ_ಶಿವಮೊಗ್ಗ:

ಎಲ್ಲರಿಗೂ ದೊಡ್ಡ ನಮಸ್ಕಾರ. ಇಡೀ ಥ್ರೆಡ್ಡನ್ನು ರಿಹರ್ಸಲ್‌ನಲ್ಲಿ ಜೋರಾಗಿ ಓದಿದ್ವಿ. ತೀರ್ಮಾನ: ಜಗಳ ಇರುತ್ತೆ, ಆದರೆ ಕೊನೆಯಲ್ಲಿ ಅಲ್ಲ. ನಾಟಕ ಶುರುವಾಗೋದೇ ಕೋಳಿಗೂಡಿನ ಹತ್ತಿರ, ವಯಸ್ಸಾದ ಮೈರಿಯಿಂದ. ಅಲ್ಲಿಂದ ನೆಲಮಾಳಿಗೆಗೆ ಇಳಿಯೋದು. ಪದಕದ ಸೀನು ಒಂದೇ ನಿಮಿಷ. ಎಲ್ಸಿ ಪಾತ್ರಧಾರಿಗೆ ಆಂಬುಲೆನ್ಸಿಗೆ ಕಾಯುವ ಸೀನು ಸಿಕ್ಕಿದ್ದರಿಂದ ಮುಖ ಅರಳಿದೆ.

ಇನ್ನೊಂದೇ ಪ್ರಶ್ನೆ. ಮೈರಿಯ ಬೈಕು ಡಗ್ಲಸ್ ಅಂತೆ. ಪಕ್ಕದ ಮನೆ ಬುಲೆಟ್ ಸದ್ದನ್ನೇ ರೆಕಾರ್ಡ್ ಮಾಡಿ ಹಾಕಿದ್ರೆ ಯಾರಿಗಾದರೂ ಗೊತ್ತಾಗುತ್ತಾ?

ಸ್ಪ್ಯಾನರ್_ಶೆಟ್ಟಿ:

ಗೊತ್ತಾಗ್ತದೆ ಮಾರಾಯ್ರೆ! ಬುಲೆಟ್ ಸಿಂಗಲ್ ಸಿಲಿಂಡರ್, ಡಬ್ ಡಬ್ ಅಂತದೆ. ಡಗ್ಲಸ್‌ನದ್ದು ಅಡ್ಡ ಮಲಗಿದ ಎರಡು ಸಿಲಿಂಡರ್, ಸದ್ದು ನಯ. ಹಳೇ ಬಿಎಂಡಬ್ಲ್ಯೂ ಬೈಕು ಇಟ್ಟುಕೊಂಡವರು ನಿಮ್ಮೂರಲ್ಲಿ ಯಾರಾದರೂ ಇದ್ದರೆ ಅವರದ್ದನ್ನು ರೆಕಾರ್ಡ್ ಮಾಡಿ, ಹತ್ತಿರ ಬರ್ತದೆ. ಎಲ್ಸಿಯ ಚೇಟರ್-ಲೀ ಬೈಕಿನ ಸದ್ದು ಬೇಕಾದರೆ ಬೇರೆ ಮೆಸೇಜ್ ಹಾಕಿ, ಅದಕ್ಕೆ ಸೈಡ್‌ಕಾರ್ ಬೇರೆ ಇತ್ತು.