ದೇವನಹಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನಿಜಕ್ಕೂ ಎಷ್ಟು ದೂರ, ಎಷ್ಟು ಹೊತ್ತು? ಹೋಗಿ ಬಂದವರು ಹೇಳಿ

ಶಿಡ್ಲಘಟ್ಟದ ಹುಡುಗ: ಅಪ್ಪ ಅಮ್ಮನ್ನ ಅಕ್ಕನ ಮನೆಗೆ ಕಳಿಸ್ಬೇಕು. ಒಂದು ಕಡೆ 14,000 ಕಿ.ಮೀ. ಅಂತಿದೆ, ಫ್ರಾಂಕ್‌ಫರ್ಟ್ ಮೇಲೆ ಹೋದ್ರೆ 16,500 ಅಂತೆ. ಅಪ್ಪನಿಗೆ ಶುಗರ್ ಇದೆ, ಹೊತ್ತಿನ ಲೆಕ್ಕ ಸರಿಯಾಗಿ ಬೇಕು.

ಚಿಂತಾಮಣಿ ಮೇಷ್ಟ್ರು: ಗೋಡೆ ಮೇಲಿನ ನಕ್ಷೆ ನಂಬಬೇಡಪ್ಪ. 1,850 ರೂಪಾಯಿ ಕೊಟ್ಟು 30 ಸೆಂ.ಮೀ. ಅಡ್ಡಳತೆಯ ಗೋಳ ತಂದೆ, ಮನೆಯವಳು ಇವತ್ತಿಗೂ ಆಡ್ಕೋತಾಳೆ. ಎರಡೂ ಊರಿಗೆ ನೂಲು ಬಿಗಿಯಾಗಿ ಹಿಡಿದೆ: 33 ಸೆಂ.ಮೀ. ಗೋಳದ ಸುತ್ತಳತೆ 94, ಭೂಮೀದು 40,000 ಕಿ.ಮೀ. ಅಂದ್ರೆ ಒಂದು ಸೆಂಟಿಮೀಟರಿಗೆ 425. ಗುಣಿಸಿ ನೋಡು, 14,000 ಚಿಲ್ಲರೆ. ನೂಲು ಹೋಗೋದು ಎಷ್ಟೋ ಉತ್ತರಕ್ಕೆ, ಸೈಬೀರಿಯಾ ಮೇಲೆ! ಅಮೆರಿಕ ಪಶ್ಚಿಮಕ್ಕೋ ಪೂರ್ವಕ್ಕೋ ಅಂತ ಜಗಳ ಆಡೋರಿಗೆ ಇದು ಅರ್ಥ ಆಗಲ್ಲ.

ಗೌರಿಬಿದನೂರು ಸೊಸೆ: ದೂರ ಕಟ್ಕೊಂಡು ಏನ್ ಮಾಡ್ತೀರಾ ಸರ್. 18,000 ರೂಪಾಯಿ ಉಳಿಯುತ್ತೆ ಅಂತ ಅತ್ತೇನ ಫ್ರಾಂಕ್‌ಫರ್ಟ್ ಮೇಲೆ ಕಳಿಸಿದೆ. ನಡುವೆ ಇದ್ದದ್ದು 1 ಗಂಟೆ 50 ನಿಮಿಷ. ಇಲ್ಲಿಂದ ಹೊರಟಿದ್ದೇ 70 ನಿಮಿಷ ತಡ. ವೀಲ್‌ಚೇರ್‌ನೋರು ಬರೋ ಅಷ್ಟರಲ್ಲಿ ಮುಂದಿನ ವಿಮಾನ ಹೋಗೇಬಿಡ್ತು. ಮಂಡಿ ನೋವಿನ ಮುದುಕಿ ಹನ್ನೊಂದು ಗಂಟೆ ಕುರ್ಚಿ ಮೇಲೆ. ಬ್ಯಾಗಲ್ಲಿದ್ದ ನಿಪ್ಪಟ್ಟೇ ಊಟ. ಇವತ್ತಿಗೂ ಹಬ್ಬದ ದಿನ ಆ 18,000 ಎತ್ತಾಡ್ತಾರೆ.

ತುಮಕೂರು ಬಿ.ಎಚ್. ರಸ್ತೆ: ಮೇಷ್ಟ್ರೇ, ವಿಮಾನ ನಿಮ್ಮ ನೂಲು ಹಿಡ್ಕೊಂಡು ಹಾರಲ್ಲ. ಮೇಲ್ಗಡೆ ಪಶ್ಚಿಮದಿಂದ ಪೂರ್ವಕ್ಕೆ ಗಾಳಿ ಬೀಸುತ್ತೆ, ಅದನ್ನ ನೋಡಿ ದಾರಿ ಬದಲಾಯಿಸ್ತಾರೆ. ನಂದು ಬೇರೆ ಗೋಳು. ಚಳಿಗಾಲ, ಹೋಗುವಾಗ ನೇರ ವಿಮಾನದ ಟಿಕೆಟ್‌ನಲ್ಲಿ ಮಧ್ಯಾಹ್ನ 2ಕ್ಕೆ ಬಿಟ್ಟು ಅದೇ ದಿನ ಸಂಜೆ 5.30ಕ್ಕೆ ಇಳಿಯೋದು ಅಂತಿತ್ತು. ಮೂರೂವರೆ ಗಂಟೆ ಅಲ್ಲ, ಅದಕ್ಕೆ ಎರಡೂ ಊರಿನ ಗಡಿಯಾರದ ವ್ಯತ್ಯಾಸ ಹದಿಮೂರೂವರೆ ಸೇರಿಸಿ, ಹದಿನೇಳು. ಬೇಸಿಗೇಲಿ ಅವರು ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸ್ತಾರೆ, ಆಗ ಸೇರಿಸೋದು ಹನ್ನೆರಡೂವರೆ. ಬರುವಾಗ ಶನಿವಾರ ರಾತ್ರಿ 9ಕ್ಕೆ ಹೊರಟೆ. ಭಾನುವಾರ ಬೆಳಗಿನ ಜಾವ ಅಂದ್ಕೊಂಡು ಮಗ 3,200ಕ್ಕೆ ಕಾರ್ ಮಾಡ್ಕೊಂಡು ಬಂದ. ನಾನಿಳಿದದ್ದು ಸೋಮವಾರ! ಮತ್ತೆ 3,200, ಕಾದಿದ್ದಕ್ಕೆ 600, ಡ್ರೈವರ್ ತಿಂಡಿ ಬೇರೆ.

ಚಿಂತಾಮಣಿ ಮೇಷ್ಟ್ರು: ಅದು ಪೇಪರ್ ಓದದವರ ತಪ್ಪು. 2021ರಲ್ಲಿ ಏರ್ ಇಂಡಿಯಾ ಹೆಣ್ಣುಮಕ್ಕಳೇ ಹಾರಿಸಿದ ಮೊದಲ ನೇರ ವಿಮಾನ ಅಲ್ಲಿಂದ ಜನವರಿ 9ಕ್ಕೆ ಹೊರಟು ಇಲ್ಲಿ ಇಳಿದದ್ದು 11ಕ್ಕೆ. ಧ್ರುವದ ಮೇಲೇ ಬಂತು. ನನ್ನ ನೂಲಿನ ಹಾಗೇ ಉತ್ತರದ ದಾರೀಲಿ!

ತುಮಕೂರು ಬಿ.ಎಚ್. ರಸ್ತೆ: ಆಯ್ತು ಬಿಡಿ, ನೂಲಿಗೇ ಬೋರ್ಡಿಂಗ್ ಪಾಸ್ ಕೊಡ್ಸಿ.

ಶಿಡ್ಲಘಟ್ಟದ ಹುಡುಗ: ಅಣ್ಣಾ, ಹದಿನೇಳು ಗಂಟೇಲಿ ಅಪ್ಪನ ಊಟ, ಇನ್ಸುಲಿನ್...

ಗೌರಿಬಿದನೂರು ಸೊಸೆ: ಡಾಕ್ಟರ ಚೀಟಿ ಇಟ್ಕೊಳಿ, ಔಷಧಿ ಕೈಚೀಲದಲ್ಲೇ ಇರ್ಲಿ. ತುಮಕೂರು ಸರ್, 3,200 ಯಾಕಾಯ್ತು? ನೆಲಮಂಗಲದ ಮೇಲೆ ಸುತ್ತಿಸಿದ್ನಾ?

ತುಮಕೂರು ಬಿ.ಎಚ್. ರಸ್ತೆ: ದಾಬಸ್‌ಪೇಟೆ, ದೊಡ್ಡಬಳ್ಳಾಪುರ ಮೇಲೇನೇ ಬಂದಿದ್ದು. ವಿಮಾನ ನಿಲ್ದಾಣ ಮನೆ ಹಿತ್ತಲಲ್ಲಿ ಇರೋರಿಗೆ ನಮ್ಮ ಬಾಡಿಗೆ ಏನ್ ಗೊತ್ತು?

ಗೌರಿಬಿದನೂರು ಸೊಸೆ: ಹಿತ್ತಲಾ? ಗೌರಿಬಿದನೂರು ಎಲ್ಲಿದೆ ಅಂತ ಮೇಷ್ಟ್ರ ಗೋಳದಲ್ಲೇ ಹುಡುಕ್ಕೊಳಿ.